ತಳ ಕಾಣಿ, ಬಾಯಮ್ಮ

ದಲ್ಲಾಳಿ ಮೊದಲು ತೋರಿಸುವುದು ಅಡುಗೆಮನೆ.
ನೀವು ಮೊದಲು ಹೋಗಬೇಕಾದ್ದು ಹಿಂದಕ್ಕೆ,
ಕಂಪೌಂಡಿಗೂ ಗೋಡೆಗೂ ನಡುವಿನ ಓಣಿಗೆ,
ಎಸಿಯ ನೀರು ತೊಟ್ಟಿಕ್ಕುವಲ್ಲಿಗೆ.
ಉಗುರಿನಿಂದ ಗೋಡೆ ಕೆರೆಯಿರಿ.
ಬಿಳಿ ಹುಡಿ ಉದುರಿದರೆ ನಾಲಿಗೆಗೆ ಇಟ್ಟು ಕಾಣಿ.
ಚಪ್ಪೆಯಾದರೆ ಬರೀ ಬಣ್ಣ, ಬಿಟ್ಟುಬಿಡಿ.
ಉಪ್ಪಾದರೆ
ಮುಖದಲ್ಲಿ ತೋರಿಸಬೇಡಿ. ಬೆಲೆಯಲ್ಲಿ ತೋರಿಸಿ.

ಫ್ಲೇವಿಯಾ ಬಾಯಮ್ಮ ನಕ್ಕರು, ಆದರೆ ನೆಕ್ಕಿದರು.
ಮನಾಮದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ,
ಅದರಲ್ಲಿ ರಾತ್ರಿಪಾಳಿ ಎಷ್ಟೆಂದು ಅವರಿಗೇ ಲೆಕ್ಕವಿಲ್ಲ.
ಕೊನೆಗೆ ಕೈಸೇರಿದ ಇಡುಗಂಟನ್ನು
ನೆಲದಲ್ಲಿ ಹಾಕುತ್ತೇನೆ ಎಂದರು, ಬ್ಯಾಂಕಿನಲ್ಲಲ್ಲ.
ಎದೆಗೆ ತಲೆಕೆಳಗಾಗಿ ತೂಗುವ ನರ್ಸಿನ ಗಡಿಯಾರ
ಈಗಲೂ ಇದೆ; ನಾಲ್ಕೂ ಬಚ್ಚಲಲ್ಲಿ ಫ್ಲಶ್ ಒತ್ತಿ
ನೀರು ತುಂಬಲು ಎಷ್ಟು ಹೊತ್ತೆಂದು
ನಾಡಿ ಹಿಡಿದವರಂತೆ ನಿಂತು ನೋಡಿದರು.

ಬಾಡಿಗೆ ಎಂಟುನೂರು ದಿನಾರ್ ಗ್ಯಾರಂಟಿ, ಎಂದ
ದಲ್ಲಾಳಿ ಹುಡುಗ ನದೀಮ್.
ಬಾಯಮ್ಮನ ಬೆರಳು ಮೊಬೈಲಿನಲ್ಲಿ ಹನ್ನೆರಡು ಒತ್ತಿತು.
ಹತ್ತು ಒತ್ತಿ, ಎಂದೆ ನಾನು.
ಒಂದು ತಿಂಗಳು ಖಾಲಿ, ಒಂದು ತಿಂಗಳು ರಿಪೇರಿ.
ಅದರಿಂದ ಕಾಲೊನಿಯ ವಾರ್ಷಿಕ ಚಾರ್ಜು ಕಳೆಯಿರಿ;
ಮೂರು ವರ್ಷದ ರಸೀದಿ ಕೇಳಿ,
ಏರಿದ್ದೆಷ್ಟೆಂದು ಅದೇ ಹೇಳುತ್ತದೆ.
ಮಾಡಿನ ಮೇಲಿನ ಐದು ಎಸಿಗಳಲ್ಲಿ ಎರಡು
ಮುಂದಿನ ಜುಲೈ ಕಾಣುವುದಿಲ್ಲ. ಅದು ನನ್ನ ಕಸುಬು, ನಂಬಿ.
ಮತ್ತೆ ಒಂದು ಸಂಜೆ ಏಳೂವರೆಗೆ, ಇವನಿಲ್ಲದೆ ಬನ್ನಿ.
ಬೀದಿಯಲ್ಲಿ ಎಷ್ಟು ಕಿಟಕಿಗೆ ಬೆಳಕಿದೆ ಎಣಿಸಿ.
ಕತ್ತಲ ಬೀದಿಯಲ್ಲಿ ಮನೆ ಕೊಳ್ಳುವುದು ಸುಲಭ,
ಮಾರುವುದು ಅಷ್ಟು ಸುಲಭವಲ್ಲ.

'ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು, ಪುಂಡಲೀಕಣ್ಣ?'

ಹೇಗೆ ಗೊತ್ತೆಂದರೆ
ಈ ಹಾಲಿನಲ್ಲಿ, ಈ ಸೋಫಾ ಇರುವಲ್ಲಿ,
ಒಂಬತ್ತು ಅಡಿ ನೀರಿತ್ತು.
ಎಸಿ ಕೆಲಸ ಕಲಿಯುವ ಮೊದಲು
ನಾನು ಡ್ರೆಜ್ಜರಿನ ಪೈಪಿನ ಕೆಲಸದವ.
ಗಂಗೊಳ್ಳಿ ಅಳಿವೆಯಲ್ಲಿ ಹೂಳು ತೆಗೆಯಿರೆಂದು
ನಮ್ಮಪ್ಪ ಅರ್ಜಿ ಬರೆಸಿ ಬರೆಸಿ ಸತ್ತ;
ಇಲ್ಲಿ ನಾನು ಸಂಬಳ ತೆಗೆದುಕೊಂಡು ಕಡಲು ತುಂಬಿದೆ.
ಪೈಪಿನ ಬಾಯಿಂದ ಮರಳು ಕಕ್ಕುತ್ತಿತ್ತು,
ಮರಳಿನ ಜೊತೆ ಜೀವವಿದ್ದ ಏಡಿ, ಮುರಿದ ಚಿಪ್ಪು,
ಒಮ್ಮೆ ಒಂದು ಕಡಲಕುದುರೆ,
ಕಿರುಬೆರಳಿಗಿಂತ ಚಿಕ್ಕದು. ಜೇಬಿನಲ್ಲಿಟ್ಟುಕೊಂಡೆ.
ನಾಲ್ಕನೇ ದಿನ ವಾಸನೆ ಬಂತು.

ಮುಹರ್ರಕ್ಕಿನ ಒಬ್ಬ ಮುದುಕ, ಖಲ್ಫಾನ್,
ದಿನಾ ದೋಣಿ ತಂದು ತೇಲುಗುಂಡಿನ ಆಚೆ ನಿಲ್ಲಿಸುತ್ತಿದ್ದ.
ಬೈಯಲಿಲ್ಲ, ಕೂಗಲಿಲ್ಲ.
ಒಂದು ದಿನ ನನ್ನನ್ನು ಕರೆದು ಕೈಯಲ್ಲಿ ತೋರಿಸಿದ:
ಅಲ್ಲಿ ಒಂದು, ಅಲ್ಲೊಂದು,
ನನ್ನ ತಂತಿಬುಟ್ಟಿಗಳು ಇನ್ನೂ ಕೆಳಗಿವೆ.
ನಾಳೆ ಪೈಪು ನಿಲ್ಲಿಸುತ್ತೀಯಾ, ಒಂದು ಗಂಟೆ?
ಫೋರ್‌ಮನ್ ಹತ್ತಿರ ಕೇಳುತ್ತೇನೆ ಅಂದೆ.
ಕೇಳಲಿಲ್ಲ.

ಪತ್ರದಲ್ಲಿ ಅದು ಬರೆದಿರುವುದಿಲ್ಲ, ಬಾಯಮ್ಮ.
ಚದರ ಮೀಟರ್ ಇರುತ್ತದೆ, ನಾಲ್ಕು ಗಡಿ ಇರುತ್ತದೆ,
ಹೆಸರು ಸರಿಯಾಗಿದೆಯೇ, ಸಾಲ ಉಳಿದಿದೆಯೇ,
ಹೊರದೇಶದವರ ಹೆಸರಿಗೆ ಪೂರ್ತಿ ಆಗುತ್ತದೆಯೇ,
ಅದನ್ನೆಲ್ಲ ವಕೀಲ ನೋಡಲಿ.

'ಹಾಗಾದರೆ ಬೇಡವಾ?'

ಬೇಡ ಎನ್ನಲು ನಾನ್ಯಾರು.
ತುಂಬಿದ ನೆಲ ಕೂರಲು ಹೊತ್ತು ಬೇಕು,
ಮದುವೆಯಾದ ಹೊಸತರಲ್ಲಿ ಗಂಡನ ಮನೆಯಲ್ಲಿ ಕೂತ ಹಾಗೆ.
ಕೂತಿದೆಯೋ ಇಲ್ಲವೋ ಬಿರುಕು ಹೇಳುತ್ತದೆ.
ಕೂದಲೆಳೆಯಂತೆ ಜಾಲ ಬಿದ್ದಿದ್ದರೆ ಗಾರೆಯದು,
ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ್ದರೆ ನೆಲದ್ದು.

ಬಾಯಮ್ಮ ಮೇಜಿನ ಬಟ್ಟಲಿಂದ
ಅಲಂಕಾರಕ್ಕಿಟ್ಟ ಪ್ಲಾಸ್ಟಿಕ್ ಲಿಂಬೆ ತೆಗೆದು
ಟೈಲ್ಸಿನ ನಡುವೆ ಇಟ್ಟು ಕೈಬಿಟ್ಟರು.
ಸುಮ್ಮನಿತ್ತು.
ಆಮೇಲೆ, ಯಾರೋ ಹೆಸರು ಹಿಡಿದು ಕರೆದಂತೆ,
ಕಡಲ ಬದಿಯ ಗಾಜಿನ ಬಾಗಿಲವರೆಗೆ ಹೋಗಿ
ಟಕ್ಕೆಂದು ನಿಂತಿತು.

ಎಸಿ ಗಾಳಿ ಮೇಡಂ, ಎಂದ ನದೀಮ್.

ಎಸಿ ನಾನು ಆಗಲೇ ನಿಲ್ಲಿಸಿದ್ದೆ.

ಬಾಯಮ್ಮ ಲಿಂಬೆ ಹೆಕ್ಕಿ, ಒರೆಸಿ,
ಬಟ್ಟಲಿಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡು
ಕೇಳಿದರು:
ಈಗ ಹೇಳಪ್ಪ, ಎಷ್ಟು?